ಹಳೇ ಎಸ್ಕಾರ್ಟ್, ಜೆಟೆಕ್ ಎಂಜಿನ್, ಎರಡು ವೆಬರ್: ಒಂದು ಮುಗ್ಗರಿಕೆಯ ಪ್ರಕರಣ

"ಕಾರ್ಬ್ಯುರೇಟರ್ ಸರಿ ಹೋಗ್ತಾನೇ ಇಲ್ಲ. ಎಂಟು ತಿಂಗಳಿಂದ ಜೆಟ್ ಬದಲಾಯಿಸ್ತಾ ಇದ್ದೀನಿ. ಎಲ್ಲ ಬಿಚ್ಚಿ ವಾಪಸ್ ಇಂಜೆಕ್ಷನ್ ಹಾಕಿಬಿಡ್ಲಾ?" ಗೆಳೆಯ ಫೋನಿನಲ್ಲಿ ಕೇಳಿದ ಮೊದಲ ಮಾತು ಇದು. ಕಾರ್ಬ್ಯುರೇಟರ್ ಅಂದರೆ ಗಾಳಿಗೆ ಪೆಟ್ರೋಲ್ ಬೆರೆಸಿ ಎಂಜಿನ್‌ಗೆ ಕೊಡುವ ಭಾಗ, ಜೆಟ್ ಅಂದರೆ ಅದರೊಳಗೆ ಪೆಟ್ರೋಲ್ ಅಳೆದು ಬಿಡುವ ತೂತಿನ ಬಿಡಿಭಾಗ. ಇಂಜೆಕ್ಷನ್‌ನಲ್ಲಿ ಆ ಲೆಕ್ಕವನ್ನು ಕಂಪ್ಯೂಟರ್ ಮಾಡುತ್ತದೆ. ದನಿಯಲ್ಲಿ ಸುಸ್ತು ಕೇಳಿಸುತ್ತಿತ್ತು.

ಅವನ ಕಾರು ಫೋರ್ಡ್ ಎಸ್ಕಾರ್ಟ್ ಮಾರ್ಕ್ 2. 1975ರಲ್ಲಿ ಮಾರುಕಟ್ಟೆಗೆ ಬಂದು 1980ರವರೆಗೆ ತಯಾರಾದ ಹಗುರ ಗಾಡಿ. ಎಂಜಿನ್ ಮುಂದೆ, ಓಟ ಹಿಂದಿನ ಚಕ್ರಕ್ಕೆ. ಅದರೊಳಗೆ ಕೂತಿದ್ದದ್ದು ಮಾತ್ರ ಅದರ ಕಾಲದ ಎಂಜಿನ್ ಅಲ್ಲ. ಮೊದಲ ತಲೆಮಾರಿನ ಫೋರ್ಡ್ ಫೋಕಸ್‌ನ 2 ಲೀಟರ್ ಜೆಟೆಕ್. 1988 ಸಿಸಿ, 16 ವಾಲ್ವ್, ಎರಡು ಕ್ಯಾಮ್‌ಶಾಫ್ಟ್, ಬೋರ್ 84.8 ಮಿ.ಮೀ., ಸ್ಟ್ರೋಕ್ 88 ಮಿ.ಮೀ. ಕಬ್ಬಿಣದ ಬ್ಲಾಕ್, ಅಲ್ಯೂಮಿನಿಯಂ ಹೆಡ್. ಕಪ್ಪು ಕವರ್ ಇರುವುದರಿಂದ ಇದನ್ನು ಬ್ಲ್ಯಾಕ್‌ಟಾಪ್ ಅನ್ನುತ್ತಾರೆ. ಗಟ್ಟಿಮುಟ್ಟಾದ ಎಂಜಿನ್. ಹಳೇ ಎಸ್ಕಾರ್ಟ್‌ಗೆ ಇದನ್ನು ಹಾಕುವವರು ಬಹಳ ಜನ ಇದ್ದಾರೆ.

ಅಡ್ಡಡ್ಡ ಕೂರುತ್ತಿದ್ದ ಎಂಜಿನ್ನನ್ನು ಉದ್ದುದ್ದ ಕೂರಿಸಿದರೆ ಏನೇನು ಬದಲಾಗಬೇಕೋ ಅದನ್ನೆಲ್ಲ ಅವನು ಚೆನ್ನಾಗಿಯೇ ಮಾಡಿದ್ದ. ಬೇರೆ ಸಂಪ್ ಹಾಕಿದ್ದ. ಥರ್ಮೋಸ್ಟಾಟ್ ಮನೆ ಹೆಡ್ಡಿನ ಹಿಂಬದಿಯಲ್ಲಿದ್ದು ಎಂಜಿನ್ ಕೋಣೆಯ ಹಿಂದಿನ ಗೋಡೆಗೆ ತಾಗುತ್ತದೆ, ಅದಕ್ಕೆ ನೀರಿನ ದಾರಿ ಬದಲಿಸಿದ್ದ. ಬೇರೆ ಬೆಲ್‌ಹೌಸಿಂಗ್ ಇಟ್ಟು ಟೈಪ್ 9 ಐದು ಗೇರಿನ ಪೆಟ್ಟಿಗೆ ಜೋಡಿಸಿದ್ದ. ಆ ಕೆಲಸದಲ್ಲಿ ನನಗೆ ಒಂದು ತಪ್ಪೂ ಸಿಗಲಿಲ್ಲ.

ಇಂಜೆಕ್ಷನ್ ಇರುವ ಎಂಜಿನ್‌ಗೆ ಕಾರ್ಬ್ಯುರೇಟರ್ ಯಾಕೆ ಅಂತ ಕೇಳುವವರಿಗೆ ಅವನ ಉತ್ತರ ಸರಳ. ಮೂಲ ಇನ್‌ಟೇಕ್ ಮ್ಯಾನಿಫೋಲ್ಡ್ ಆ ಬಾನೆಟ್ ಕೆಳಗೆ ಹೊಂದುವುದಿಲ್ಲ. ಮೂಲ ಕಂಪ್ಯೂಟರ್ ಕೀಲಿಯ ಚಿಪ್ ಇಲ್ಲದೆ ಎಂಜಿನ್ ಶುರು ಮಾಡಲು ಬಿಡುವುದಿಲ್ಲ. ಅದರ ವೈರಿಂಗ್ ಪೂರ್ತಿ ತಂದರೆ ಅರ್ಧ ಫೋಕಸ್ಸೇ ಎಸ್ಕಾರ್ಟ್ ಒಳಗೆ ಬಂದಂತೆ. ಇನ್ನೊಂದು ಕಾರಣವನ್ನೂ ಅವನು ಮುಚ್ಚಿಡಲಿಲ್ಲ. ಬಾನೆಟ್ ಎತ್ತಿದಾಗ ಎರಡು ವೆಬರ್ ಕಾಣಬೇಕು, ಪೆಡಲ್ ಒತ್ತಿದಾಗ ಆ ಉಸಿರಿನ ಸದ್ದು ಕೇಳಬೇಕು. ನನಗೂ ಅದು ಸಾಕಷ್ಟು ಒಳ್ಳೆಯ ಕಾರಣ ಅನ್ನಿಸುತ್ತದೆ. ಎಡೋರ್ಡೊ ವೆಬರ್ 1923ರಲ್ಲಿ ಇಟಲಿಯ ಬೊಲೊನ್ಯಾದಲ್ಲಿ ಶುರು ಮಾಡಿದ ಕಂಪನಿಯ ಡಿಸಿಒಇ ಕಾರ್ಬ್ಯುರೇಟರ್ ಕಣ್ಣಿಗೆ ಅಷ್ಟು ಚೆಂದ. ಮಲಗಿದ ಎರಡು ಕೊಳವೆ, ಪ್ರತಿ ಸಿಲಿಂಡರ್‌ಗೆ ತನ್ನದೇ ಒಂದು ಗಂಟಲು.

ದೂರು ಏನಿತ್ತು

ಅವನು ಹೇಳಿದ ಲಕ್ಷಣಗಳನ್ನು ಅವನ ಮಾತಿನಲ್ಲೇ ಬರೆದುಕೊಂಡೆ. ಸ್ಟಾರ್ಟ್ ಚೆನ್ನಾಗಿ ಆಗುತ್ತದೆ. ಐಡ್ಲಿಂಗ್‌ನಲ್ಲಿ ಪೆಟ್ರೋಲ್ ವಾಸನೆ, ಪ್ಲಗ್ ಕಪ್ಪು. ನಿಧಾನವಾಗಿ ಪೆಡಲ್ ಒತ್ತುತ್ತಾ ಹೋದರೆ 2000ದಿಂದ 2800 ಆರ್‌ಪಿಎಂ ನಡುವೆ ಗಾಡಿ ಮುಗ್ಗರಿಸುತ್ತದೆ, ಜಗ್ಗುತ್ತದೆ. ಒಮ್ಮೆಲೇ ಒತ್ತಿದರೆ ದಾಟುತ್ತದೆ. ಆಮೇಲೂ ಪಿಕಪ್ ಇಲ್ಲ, 4000 ಆದ ಮೇಲೆ ಎಂಜಿನ್ ಬೇಜಾರಿನಲ್ಲಿ ತಿರುಗಿದ ಹಾಗಿರುತ್ತದೆ. ಕೊನೆಯಲ್ಲಿ ಇನ್ನೊಂದು ಸಂಗತಿ ಸೇರಿಸಿದ. ಕತ್ತಲಲ್ಲಿ ನೋಡಿದರೆ ಎಕ್ಸಾಸ್ಟ್ ಮ್ಯಾನಿಫೋಲ್ಡ್ ಕೆಂಪಗೆ ಕಾಣುತ್ತದೆ.

ಆ ಕೊನೆಯ ಸಂಗತಿಯನ್ನು ನಾನು ಬರೆದುಕೊಂಡೆ, ಆದರೆ ಅದರ ಬೆಲೆ ತಿಳಿಯಲಿಲ್ಲ. ಮಿಕ್ಸ್ಚರ್, ಅಂದರೆ ಗಾಳಿ ಪೆಟ್ರೋಲ್ ಬೆರಕೆ, ಹೆಚ್ಚುಕಮ್ಮಿ ಇರುವುದಕ್ಕೇ ಹೀಗೆ ಅಂದುಕೊಂಡೆ. ಅಲ್ಲೇ ನಿಂತು ಯೋಚಿಸಿದ್ದರೆ ಎರಡು ವಾರಾಂತ್ಯ ಉಳಿಯುತ್ತಿತ್ತು.

ಎಂಟು ತಿಂಗಳಲ್ಲಿ ಅವನು ಬದಲಿಸಿದ್ದೆಲ್ಲ ಮೇನ್ ಜೆಟ್. 150, 145, 160, ಮತ್ತೆ 145. ಈ ನಂಬರ್ ಅಂದರೆ ತೂತಿನ ಅಳತೆ, ಮಿಲಿಮೀಟರಿನ ನೂರನೇ ಭಾಗದಲ್ಲಿ. 145 ಅಂದರೆ 1.45 ಮಿ.ಮೀ. ಆದರೆ ಹಗುರವಾಗಿ ಪೆಡಲ್ ಒತ್ತಿ 2500 ಆರ್‌ಪಿಎಂನಲ್ಲಿ ಹೋಗುವಾಗ ಡಿಸಿಒಇಯಲ್ಲಿ ಮೇನ್ ಜೆಟ್ ಇನ್ನೂ ಕೆಲಸಕ್ಕೇ ಬಂದಿರುವುದಿಲ್ಲ. ಆಗ ಪೆಟ್ರೋಲ್ ಕೊಡುವುದು ಐಡಲ್ ಜೆಟ್. ರಸ್ತೆಯಲ್ಲಿ ಓಡುವ ಹೆಚ್ಚಿನ ಹೊತ್ತು ಎಂಜಿನ್ ಇದರ ಮೇಲೆಯೇ ಓಡುತ್ತದೆ. ಹೆಸರಿನಲ್ಲಿ ಐಡಲ್ ಇರುವುದರಿಂದ ಜನ ಅದನ್ನು ಐಡ್ಲಿಂಗ್‌ಗೆ ಮಾತ್ರ ಅಂದುಕೊಳ್ಳುತ್ತಾರೆ.

ಇದು ನಡೆಯುವ ಬಗೆ ಹೀಗೆ. ಗಂಟಲಲ್ಲಿ ಗಾಳಿಯ ದಾರಿ ತೆರೆದು ಮುಚ್ಚುವ ತಟ್ಟೆಗೆ ಬಟರ್‌ಫ್ಲೈ ಅನ್ನುತ್ತಾರೆ. ಅದು ಪೂರ್ತಿ ಮುಚ್ಚಿರುವಾಗ ಅದರ ಆಚೆ ಬದಿ, ಮಿಕ್ಸ್ಚರ್ ಸ್ಕ್ರೂ ಕೆಳಗಿನ ಒಂದೇ ತೂತಿನಿಂದ ಪೆಟ್ರೋಲ್ ಒಳಗೆ ಹೋಗುತ್ತದೆ. ಪೆಡಲ್ ಸ್ವಲ್ಪ ಒತ್ತಿದಾಗ ಬಟರ್‌ಫ್ಲೈ ಅಂಚು ಸಾಲಾಗಿರುವ ಪುಟ್ಟ ತೂತುಗಳನ್ನು ಒಂದೊಂದಾಗಿ ದಾಟುತ್ತದೆ. ದಾಟಿದ ತೂತೆಲ್ಲ ಎಂಜಿನ್‌ನ ಸೆಳೆತಕ್ಕೆ ಸಿಕ್ಕಿ ಪೆಟ್ರೋಲ್ ಕೊಡತೊಡಗುತ್ತದೆ. ಇವು ಪ್ರೊಗ್ರೆಶನ್ ತೂತುಗಳು. ಇವು ಮುಗಿಯುವ ಹೊತ್ತಿಗೆ ಗಂಟಲಲ್ಲಿ ಗಾಳಿಯ ವೇಗ ಹೆಚ್ಚಾಗಿ ಮೇನ್ ಜೆಟ್ ಶುರುವಾಗಬೇಕು. ಒಂದು ಕೈ ಬಿಡುವ ಮುಂಚೆ ಇನ್ನೊಂದು ಕೈ ಹಿಡಿದಿರಬೇಕು. ನಡುವೆ ಕೈ ತಪ್ಪಿದರೆ ಅದೇ ಮುಗ್ಗರಿಕೆ.

ಮೊದಲ ವಾರಾಂತ್ಯ: ಕಣ್ಣಿಗೆ ಕಂಡ ತಪ್ಪುಗಳು

ಬಾನೆಟ್ ಎತ್ತಿ ಮೊದಲು ಪೆಟ್ರೋಲ್ ಒತ್ತಡ ನೋಡಿದೆ. ನಾನು ಯಾವಾಗಲೂ ಶುರು ಮಾಡುವುದು ಅಲ್ಲಿಂದಲೇ. ಇಂಜೆಕ್ಷನ್ ಎಂಜಿನ್‌ಗೆ ಸುಮಾರು 3 ಬಾರ್, ಅಂದರೆ 43 ಪಿಎಸ್‌ಐ ಆಸುಪಾಸು ಒತ್ತಡ ಬೇಕು. ಡಿಸಿಒಇಗೆ 3 ಪಿಎಸ್‌ಐ ಸಾಕು, 3.5 ದಾಟಬಾರದು. ಅದರೊಳಗಿನ ನೀಡಲ್ ವಾಲ್ವನ್ನು ಒತ್ತಿ ಹಿಡಿಯುವುದು ಒಂದು ತೇಲುವ ಫ್ಲೋಟ್ ಅಷ್ಟೇ. ಒತ್ತಡ ಜಾಸ್ತಿಯಾದರೆ ಫ್ಲೋಟ್ ಸೋಲುತ್ತದೆ, ಪೆಟ್ರೋಲ್ ಉಕ್ಕುತ್ತದೆ. ಬಿಸಿ ಎಂಜಿನ್ ಪಕ್ಕದಲ್ಲಿ ಉಕ್ಕಿದರೆ ಬೆಂಕಿ ಹತ್ತುವ ಅಪಾಯವೂ ಇದೆ. ಇಂಜೆಕ್ಷನ್ ಪಂಪ್ ತೆಗೆಯದೆ ಕಾರ್ಬ್ಯುರೇಟರ್ ಹಾಕುವುದನ್ನು ಯಾರೂ ಮಾಡಬಾರದು.

ಗೆಳೆಯ ಕಡಿಮೆ ಒತ್ತಡದ ಪಂಪನ್ನೇ ಹಾಕಿದ್ದ. ಆದರೆ ರೆಗ್ಯುಲೇಟರ್ ಹಾಕಿರಲಿಲ್ಲ. ಗೇಜ್ 6 ಪಿಎಸ್‌ಐ ತೋರಿಸಿತು. ರೆಗ್ಯುಲೇಟರ್ ಹಾಕಿ 3ಕ್ಕೆ ಇಳಿಸಿದೆವು. ಫ್ಲೋಟ್ ಮಟ್ಟವೂ ತಪ್ಪಿತ್ತು. ಅವನ ಹಳೇ ವೆಬರ್‌ಗಳಲ್ಲಿ ಹಿತ್ತಾಳೆ ಫ್ಲೋಟ್ ಇದೆ, ಅದಕ್ಕೆ ಗ್ಯಾಸ್ಕೆಟ್‌ನಿಂದ 8.5 ಮಿ.ಮೀ. ಇರಬೇಕು. ಪ್ಲಾಸ್ಟಿಕ್ ಫ್ಲೋಟ್ ಇರುವವರು ಈ ಅಳತೆ ಇಡಬೇಡಿ, ಅದರ ಅಳತೆ ಬೇರೆ. ಎರಡನ್ನೂ ಸರಿ ಮಾಡಿದ ಮೇಲೆ ಪೆಟ್ರೋಲ್ ವಾಸನೆ ಬಹಳ ಮಟ್ಟಿಗೆ ಹೋಯಿತು.

ಕಾರ್ಬ್ಯುರೇಟರ್ ಅಲುಗಾಡದಂತೆ ನಟ್ಟುಗಳನ್ನು ಬಿಗಿಯಾಗಿ ತಿರುಗಿಸಿದ್ದ. ಕಾಳಜಿಯಿಂದಲೇ ಮಾಡಿದ್ದು, ಆದರೆ ಇಲ್ಲಿ ಅದು ತಪ್ಪು. ನಾಲ್ಕು ಸಿಲಿಂಡರ್ ಎಂಜಿನ್‌ನ ನಡುಕ ನೇರವಾಗಿ ತಗುಲಿದರೆ ಫ್ಲೋಟ್ ತೊಟ್ಟಿಯಲ್ಲಿ ಪೆಟ್ರೋಲ್ ನೊರೆಯಾಗುತ್ತದೆ. ನೊರೆಯನ್ನು ಯಾವ ಜೆಟ್ಟೂ ಸರಿಯಾಗಿ ಅಳೆಯಲಾರದು. ಕಾರ್ಬ್ಯುರೇಟರ್ ರಬ್ಬರ್ ರಿಂಗ್ ಮೇಲೆ ಕೂರಬೇಕು, ನಟ್ಟಿನ ಕೆಳಗಿನ ಸ್ಪ್ರಿಂಗ್ ವಾಷರ್‌ನ ಸುರುಳಿಗಳ ನಡುವೆ ಸ್ವಲ್ಪ ಸಂದು ಉಳಿಯಬೇಕು. ಕೈಯಲ್ಲಿ ಹಿಡಿದು ಅಲುಗಿಸಿದರೆ ತುಸು ಕೊಡಬೇಕು.

ಆಮೇಲೆ ಬಂದದ್ದು ಚೋಕ್. ಇದು ಚಳಿಯಲ್ಲಿ ಎಳೆಯುವ ಚೋಕ್ ಅಲ್ಲ. ಕಾರ್ಬ್ಯುರೇಟರ್ ಗಂಟಲನ್ನು ಕಿರಿದು ಮಾಡುವ ಬಳೆಯನ್ನೂ ಚೋಕ್ ಅನ್ನುತ್ತಾರೆ. ಅವನ ಎರಡು 45 ಡಿಸಿಒಇಗಳು ರೇಸ್‌ಗೆ ಕಟ್ಟಿದ ಹಳೇ ಎಂಜಿನ್ ಒಂದರಿಂದ ಬಂದಿದ್ದವು. ಒಳಗೆ 38 ಮಿ.ಮೀ. ಚೋಕ್ ಇತ್ತು. 45 ಅನ್ನುವುದು ಹೊರಗಿನ ಕೊಳವೆಯ ಅಳತೆ ಮಾತ್ರ. ಎಂಜಿನ್‌ಗೆ ಲೆಕ್ಕಕ್ಕೆ ಬರುವುದು ಒಳಗಿನ ಚೋಕ್. ಕ್ಯಾಮ್ ಬದಲಿಸದ 2 ಲೀಟರ್ ಎಂಜಿನ್‌ಗೆ, ಅಂದರೆ ಸಿಲಿಂಡರ್‌ಗೆ 497 ಸಿಸಿ ಇರುವಾಗ, 33 ಅಥವಾ 34 ಮಿ.ಮೀ. ಚೋಕ್ ಸಾಕು. 38 ಇಟ್ಟರೆ ಗಾಳಿ ಸೋಮಾರಿಯಾಗುತ್ತದೆ, ಮೇನ್ ಜೆಟ್ ತಡವಾಗಿ ಎಚ್ಚರವಾಗುತ್ತದೆ. ಐಡಲ್ ಜೆಟ್ ಕೈ ಬಿಟ್ಟಾಗಿರುತ್ತದೆ, ಮೇನ್ ಇನ್ನೂ ಹಿಡಿದಿರುವುದಿಲ್ಲ.

ನನಗೆ ಇಲ್ಲೇ ಉತ್ತರ ಸಿಕ್ಕಿತು ಅನ್ನಿಸಿತು. 34ರ ಚೋಕ್ ತರಿಸಿದೆವು. ಮೇನ್ ಜೆಟ್‌ಗೆ ಹಳೇ ಲೆಕ್ಕ ಒಂದಿದೆ: ಚೋಕ್ ಅಳತೆಯನ್ನು 4ರಿಂದ ಗುಣಿಸಿ. 136 ಬಂತು, 135 ಇಟ್ಟೆವು. ಮೇನ್ ಜೆಟ್‌ನ ಪೆಟ್ರೋಲ್‌ಗೆ ಗಾಳಿ ಸೇರಿಸುವ ಏರ್ ಜೆಟ್‌ಗೆ ಅದಕ್ಕೆ 50 ಸೇರಿಸಿ 185. ಅವೆರಡೂ ಬೆರೆಯುವ ಎಮಲ್ಶನ್ ಟ್ಯೂಬ್ ಎಫ್16. ಐಡಲ್ ಜೆಟ್ 60ಎಫ್8 ಇದ್ದದ್ದನ್ನು 50ಎಫ್9 ಮಾಡಿದೆವು. ಇದರಲ್ಲಿ ಮೊದಲ ನಂಬರ್ ಪೆಟ್ರೋಲ್ ತೂತು, ಎಫ್ ನಂತರದ್ದು ಗಾಳಿ ತೂತಿನ ಗುರುತು. ಎಫ್ ನಂಬರ್‌ಗಳು ಕ್ರಮವಾಗಿ ಏರುವುದಿಲ್ಲ, ಪಟ್ಟಿ ನೋಡಿಯೇ ಆರಿಸಬೇಕು. 9ರ ಗಾಳಿ ತೂತು 8ಕ್ಕಿಂತ ಚಿಕ್ಕದು.

ಓಡಿಸಿ ನೋಡಿದೆವು. ಮುಗ್ಗರಿಕೆ ಕಿರಿದಾಗಿತ್ತು. ಮೊದಲು 800 ಆರ್‌ಪಿಎಂ ಅಗಲ ಇದ್ದದ್ದು ಈಗ ಸುಮಾರು 300. ಆದರೆ ಹೋಗಿರಲಿಲ್ಲ. 4000ದ ಮೇಲೆ ಪಿಕಪ್ ಹಾಗೇ ಮಂಕು. ಐಡ್ಲಿಂಗ್‌ನಲ್ಲಿ ಮಿಕ್ಸ್ಚರ್ ಸ್ಕ್ರೂ ಎಷ್ಟು ತಿರುಗಿಸಿದರೂ ಎಂಜಿನ್ ಕ್ಯಾರೇ ಅನ್ನಲಿಲ್ಲ. ಪೂರ್ತಿ ಮುಚ್ಚಿದರೂ ನಿಲ್ಲಲಿಲ್ಲ.

ಸ್ಕ್ರೂ ಪೂರ್ತಿ ಮುಚ್ಚಿದ ಮೇಲೂ ಆ ಸಿಲಿಂಡರ್ ಉರಿಯುತ್ತಿದೆ ಅಂದರೆ ಅದಕ್ಕೆ ಪೆಟ್ರೋಲ್ ಬೇರೆ ದಾರಿಯಿಂದ ಬರುತ್ತಿದೆ. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಇಣುಕಿ ನೋಡುವ ತೂತು

ಡಿಸಿಒಇ ಮಾಡಿದವರು ಒಂದು ದೊಡ್ಡ ಉಪಕಾರ ಮಾಡಿದ್ದಾರೆ. ಪ್ರೊಗ್ರೆಶನ್ ತೂತುಗಳ ನೇರಕ್ಕೆ ಮೇಲ್ಗಡೆ ಒಂದು ಪುಟ್ಟ ಮುಚ್ಚಳದ ಸ್ಕ್ರೂ ಇದೆ. ಅದನ್ನು ಬಿಚ್ಚಿ ಟಾರ್ಚ್ ಬಿಟ್ಟರೆ ತೂತುಗಳೂ ಬಟರ್‌ಫ್ಲೈ ಅಂಚೂ ಕಣ್ಣಿಗೇ ಕಾಣುತ್ತವೆ. ವರ್ಷಗಟ್ಟಲೆ ವೆಬರ್ ಇಟ್ಟುಕೊಂಡವರೂ ಆ ಸ್ಕ್ರೂ ಬಿಚ್ಚಿರುವುದಿಲ್ಲ.

ಎರಡನೇ ವಾರಾಂತ್ಯ ನಾಲ್ಕನ್ನೂ ಬಿಚ್ಚಿ ನೋಡಿದೆವು. ಎಂಜಿನ್ ಐಡ್ಲಿಂಗ್ ಜಾಗದಲ್ಲಿ ಇರುವಾಗ ಬಟರ್‌ಫ್ಲೈ ಅಂಚು ಮೊದಲ ತೂತಿನ ಹಿಂದೆ ನಿಂತಿರಬೇಕು. ನಾಲ್ಕರಲ್ಲೂ ಅಂಚು ಮೊದಲ ತೂತನ್ನು ಪೂರ್ತಿ ದಾಟಿತ್ತು. ಎರಡರಲ್ಲಿ ಎರಡನೇ ತೂತನ್ನೂ ಅರ್ಧ ತೆರೆದಿತ್ತು. ಮಿಕ್ಸ್ಚರ್ ಸ್ಕ್ರೂ ಯಾಕೆ ಸತ್ತಿತ್ತು ಅನ್ನುವುದು ಸ್ಪಷ್ಟವಾಯಿತು. ಐಡ್ಲಿಂಗ್‌ನಲ್ಲೇ ಪ್ರೊಗ್ರೆಶನ್ ಖರ್ಚಾಗುತ್ತಿತ್ತು. ಪೆಡಲ್ ಒತ್ತಿದಾಗ ಕೊಡಲು ಮುಂದೆ ತೂತೇ ಉಳಿದಿರಲಿಲ್ಲ.

ಹಾಗಾದರೆ ಬಟರ್‌ಫ್ಲೈ ಮುಚ್ಚಿದರೆ ಆಯಿತು, ಅಲ್ವಾ? ಮುಚ್ಚಿದೆವು. ಎಂಜಿನ್ 500ಕ್ಕೆ ಇಳಿದು ನಿಂತೇಹೋಯಿತು.

ಈ ಎಂಜಿನ್‌ಗೆ ಸುಮ್ನೆ 900 ಆರ್‌ಪಿಎಂನಲ್ಲಿ ತಿರುಗಲು ಅಷ್ಟೊಂದು ಗಾಳಿ ಯಾಕೆ ಬೇಕು? ನಾವು ಕೇಳಬೇಕಾಗಿದ್ದ ನಿಜವಾದ ಪ್ರಶ್ನೆ ಇದೇ. ಎಂಟು ತಿಂಗಳ ಜೆಟ್ ಬದಲಾವಣೆಯಲ್ಲೂ ನನ್ನ ಮೊದಲ ವಾರಾಂತ್ಯದಲ್ಲೂ ಇದನ್ನು ಯಾರೂ ಕೇಳಿರಲಿಲ್ಲ.

ಗಾಳಿ ಸೋರಿಕೆ ಇರಬಹುದೇ? ಸೋರಿಕೆ ಇದ್ದರೆ ಬಟರ್‌ಫ್ಲೈ ಇನ್ನೂ ಮುಚ್ಚಬೇಕಾಗುತ್ತಿತ್ತು, ತೆರೆಯಬೇಕಾಗುತ್ತಿರಲಿಲ್ಲ. ಆದರೂ ಬ್ರೇಕ್ ಸರ್ವೋ ಪೈಪ್ ಹಿಸುಕಿ ನೋಡಿದೆ, ಬದಲಾವಣೆ ಇಲ್ಲ. ಕಂಪ್ರೆಶನ್ ನಾಲ್ಕೂ ಸಮ. ಕ್ಯಾಮ್ ಟೈಮಿಂಗ್ ಮೇಲೆ ಅನುಮಾನ ಬಂತು, ಯಾಕೆಂದರೆ ಜೆಟೆಕ್‌ನ ಕ್ಯಾಮ್ ಪುಲ್ಲಿಗೆ ಕೀ ಇಲ್ಲ, ಬೋಲ್ಟ್ ಸಡಿಲಿಸಿದರೆ ಅದು ಎಲ್ಲಿ ಬೇಕಾದರೂ ತಿರುಗುತ್ತದೆ. ಬೆಲ್ಟ್ ಬದಲಿಸುವಾಗ ಹಲವರು ಎಡವುವುದು ಇಲ್ಲೇ. ಕವರ್ ತೆಗೆದು, ಮೊದಲ ಸಿಲಿಂಡರ್ ಮೇಲಕ್ಕೆ ತಂದು, ಎರಡು ಕ್ಯಾಮ್‌ಗಳ ಹಿಂದಿನ ಸೀಳಿಗೆ 5 ಮಿ.ಮೀ. ಪಟ್ಟಿ ತೂರಿಸಿದೆ. ಬೆಣ್ಣೆಯಲ್ಲಿ ಕೂದಲು ಹೋದ ಹಾಗೆ ಹೋಯಿತು. ಗೆಳೆಯನ ಕೆಲಸ ಕರಾರುವಾಕ್ಕು.

ಉಳಿದದ್ದು ಕಿಡಿ ಒಂದೇ.

ಪರದೆ ಹೇಳಿದ್ದು, ಬೆಳಕು ತೋರಿಸಿದ್ದು

ಜೆಟೆಕ್‌ನಲ್ಲಿ ಪ್ಲಗ್‌ಗಳಿಗೆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರ್ ಇಲ್ಲ. ಮೂಲ ಕಂಪ್ಯೂಟರ್ ತೆಗೆದರೆ ಕಿಡಿಗೆ ಬೇರೆ ಏರ್ಪಾಡು ಬೇಕು. ಕಾರ್ಬ್ಯುರೇಟರ್ ಹಾಕುವವರು ಪೆಟ್ರೋಲ್ ಬಗ್ಗೆ ಮಾಡುವ ಯೋಚನೆಯ ಅರ್ಧವನ್ನೂ ಈ ಕಡೆಗೆ ಕೊಡುವುದಿಲ್ಲ. ಗೆಳೆಯ ಹಾಕಿದ್ದು ಒಳ್ಳೆಯ ಏರ್ಪಾಡೇ. ಕಿಡಿ ಹಾರಿಸಲು ಫೋರ್ಡ್‌ನದೇ ಇಡಿಸ್ ಮಾಡ್ಯೂಲ್, ಅದಕ್ಕೆ ಅಡ್ವಾನ್ಸ್ ಎಷ್ಟು ಅಂತ ಹೇಳಲು ಮೆಗಾಜೋಲ್ಟ್ ಪೆಟ್ಟಿಗೆ. ಅಡ್ವಾನ್ಸ್ ಅಂದರೆ ಪಿಸ್ಟನ್ ಮೇಲ್ತುದಿ ಮುಟ್ಟುವ ಎಷ್ಟು ಡಿಗ್ರಿ ಮುಂಚೆ ಕಿಡಿ ಹಾರಬೇಕು ಅನ್ನುವುದು. ಜೆಟೆಕ್ ಫ್ಲೈವೀಲ್ ಮೇಲೆ 36ರಲ್ಲಿ ಒಂದು ಹಲ್ಲು ಇಲ್ಲದ ಚಕ್ರ ಮೊದಲೇ ಇದೆ. ಇಡಿಸ್‌ಗೆ ಬೇಕಾದದ್ದೂ ಅದೇ. ಸೆನ್ಸರ್ ಹಲ್ಲು ಎಣಿಸುತ್ತದೆ, ಇಡಿಸ್ ಎಂಜಿನ್ ವೇಗವನ್ನು ಮೆಗಾಜೋಲ್ಟ್‌ಗೆ ಕಳಿಸುತ್ತದೆ. ಮೆಗಾಜೋಲ್ಟ್ ವೇಗವನ್ನೂ ಪೆಡಲ್ ಎಷ್ಟು ತೆರೆದಿದೆ ಅನ್ನುವುದನ್ನೂ ನೋಡಿ, ತನ್ನ ಕೋಷ್ಟಕದಿಂದ ಅಡ್ವಾನ್ಸ್ ಆರಿಸಿ, ಒಂದು ತಂತಿಯಲ್ಲಿ ವಾಪಸ್ ಕಳಿಸುತ್ತದೆ. ಆ ತಂತಿಯ ಹೆಸರು ಸಾ. ಅದರಲ್ಲಿ ಹೋಗುವುದು ಒಂದು ಪುಟ್ಟ ಸಂಕೇತ, ಅದು ಎಷ್ಟು ಉದ್ದವೋ ಅದೇ ಅಡ್ವಾನ್ಸ್. 1536ರಿಂದ ಅಡ್ವಾನ್ಸ್‌ನ 25.6 ಪಟ್ಟು ಕಳೆದರೆ ಉದ್ದ ಮೈಕ್ರೋಸೆಕೆಂಡ್‌ಗಳಲ್ಲಿ ಸಿಗುತ್ತದೆ. 10 ಡಿಗ್ರಿಗೆ 1280, 30 ಡಿಗ್ರಿಗೆ 768.

ಟೈಮಿಂಗ್ ನೋಡೋಣ ಅಂದೆ. ಅವನು ಲ್ಯಾಪ್‌ಟಾಪ್ ತೆರೆದು ತೋರಿಸಿದ. ಐಡ್ಲಿಂಗ್‌ನಲ್ಲಿ 18 ಡಿಗ್ರಿ. ರೇಸ್ ಮಾಡಿದರೆ 27, 30. "ಟೈಮಿಂಗ್ ಸರಿ ಇದೆ, ಮೊದಲ ದಿನದಿಂದಲೂ ಹೀಗೇ ಇದೆ" ಅಂದ.

ಕಿಡಿ ಹಾರಿದಾಗಲೆಲ್ಲ ಮಿಂಚಿ ಪುಲ್ಲಿಯ ಗುರುತನ್ನು ತೋರಿಸುವ ಟೈಮಿಂಗ್ ಲೈಟ್ ಹಿಡಿದು ನೋಡಿದ್ದೀಯಾ ಅಂತ ಕೇಳಿದೆ. ಇಲ್ಲ. ಹಗುರ ಪುಲ್ಲಿ ಹಾಕಿದ್ದರಿಂದ ಅದರ ಮೇಲೆ ಗುರುತೇ ಇರಲಿಲ್ಲ.

ಗುರುತು ಮಾಡಿದೆವು. ಮೊದಲ ಸಿಲಿಂಡರ್‌ನ ಪ್ಲಗ್ ತೂತಿಗೆ ಪಿಸ್ಟನ್ ತಡೆಯುವ ಬೋಲ್ಟ್ ಹಾಕಿ, ಎಂಜಿನ್ನನ್ನು ಕೈಯಿಂದ ಮೆಲ್ಲಗೆ ಒಂದು ಕಡೆ ತಿರುಗಿಸಿ ನಿಂತಲ್ಲಿ ಒಂದು ಗೆರೆ. ಇನ್ನೊಂದು ಕಡೆ ತಿರುಗಿಸಿ ನಿಂತಲ್ಲಿ ಇನ್ನೊಂದು. ಎರಡರ ನಟ್ಟನಡುವೆ ನಿಜವಾದ ಮೇಲ್ತುದಿ. ಬಿಳಿ ಬಣ್ಣದಲ್ಲಿ ಸೊನ್ನೆ, 10, 20, 30 ಎಳೆದೆವು. ಸಾದಾ ಟೈಮಿಂಗ್ ಲೈಟನ್ನೇ ತೆಗೆದುಕೊಂಡೆ. ಇಲ್ಲಿ ಕಿಡಿ ಪ್ರತಿ ಸುತ್ತಿಗೂ ಹಾರುತ್ತದೆ. ಡಯಲ್ ಇರುವ ಲೈಟ್‌ಗಳಲ್ಲಿ ಕೆಲವು ಇದರಿಂದ ಗೊಂದಲವಾಗಿ ತಪ್ಪು ಅಂಕಿ ತೋರಿಸುತ್ತವೆ.

ಐಡ್ಲಿಂಗ್‌ನಲ್ಲಿ 10 ಡಿಗ್ರಿ. ರೇಸ್ ಮಾಡಲು ಹೇಳಿದೆ. 2000ದಲ್ಲಿ 10. 3000ದಲ್ಲಿ 10. ಬಿಳಿ ಗೆರೆ ಗೋಡೆಯ ಮೇಲಿನ ಮೊಳೆಯ ಹಾಗೆ ಅಲ್ಲೇ ನಿಂತಿತ್ತು. ಪಕ್ಕದಲ್ಲಿ ಲ್ಯಾಪ್‌ಟಾಪ್ 27 ತೋರಿಸುತ್ತಿತ್ತು.

ಇಡಿಸ್‌ನ ಸ್ವಭಾವ ಗೊತ್ತಿದ್ದವರಿಗೆ ಈ 10 ಒಂದು ಸಹಿ ಇದ್ದಂತೆ. ಸಾ ತಂತಿಯಲ್ಲಿ ಸಂಕೇತ ಬರದಿದ್ದರೆ ಅದು ಎಂಜಿನ್ ನಿಲ್ಲಿಸುವುದಿಲ್ಲ. ಗಾಡಿ ಹೇಗೋ ಮನೆ ಸೇರಲಿ ಅಂತ 10 ಡಿಗ್ರಿಗೆ ಅಂಟಿಕೊಂಡು ಓಡಿಸುತ್ತದೆ. ದೀಪ ಹತ್ತುವುದಿಲ್ಲ, ಸದ್ದು ಮಾಡುವುದಿಲ್ಲ. ಸ್ಟಾರ್ಟ್ ಆಗಲು 10 ಡಿಗ್ರಿ ಹಿತವಾಗಿದ್ದರಿಂದ ಸ್ಟಾರ್ಟ್ ಚೆನ್ನಾಗಿ ಆಗುತ್ತಿತ್ತು. ಲ್ಯಾಪ್‌ಟಾಪ್ ತೋರಿಸುವುದು ಮೆಗಾಜೋಲ್ಟ್ ಕೇಳಿದ ಅಡ್ವಾನ್ಸ್, ಕಿಡಿಗೆ ಸಿಕ್ಕಿದ ಅಡ್ವಾನ್ಸ್ ಅಲ್ಲ. ತನ್ನ ಮಾತು ಆ ಕಡೆ ತಲುಪಿತೋ ಇಲ್ಲವೋ ಅನ್ನುವುದು ಆ ಪೆಟ್ಟಿಗೆಗೆ ತಿಳಿಯುವ ದಾರಿಯೇ ಇಲ್ಲ.

ಖಚಿತ ಮಾಡಿಕೊಳ್ಳಲು ಒಂದು ಸುಲಭ ಪರೀಕ್ಷೆ ಮಾಡಿದೆ. ಎಂಜಿನ್ ಓಡುತ್ತಿರುವಾಗ ಮೆಗಾಜೋಲ್ಟ್ ಕನೆಕ್ಟರ್ ಎಳೆದುಬಿಟ್ಟೆ. ಸರಿ ಇದ್ದ ಗಾಡಿಯಲ್ಲಿ ಐಡ್ಲಿಂಗ್ ತಟ್ಟನೆ ಕುಸಿಯಬೇಕು. ಇಲ್ಲಿ ಒಂದಿಷ್ಟೂ ಬದಲಾಗಲಿಲ್ಲ. ಗೆಳೆಯ ಆ ಕನೆಕ್ಟರನ್ನೇ ನೋಡುತ್ತಾ ನಿಂತ. ಎಂಟು ತಿಂಗಳು ಆ ಪೆಟ್ಟಿಗೆ ಇದ್ದೂ ಇಲ್ಲದಂತೆ ಇತ್ತು.

ಮೀಟರ್ ಹಿಡಿದಾಗ ಸಾ ತಂತಿ ತುಂಡು ಅಂತ ತೋರಿಸಿತು. ಹೊರಗಿನ ಪ್ಲಾಸ್ಟಿಕ್ ಸರಿಯಾಗಿಯೇ ಇತ್ತು. ಕನೆಕ್ಟರ್ ಹತ್ತಿರ ಕ್ರಿಂಪ್ ಮಾಡಿದ ಜಾಗದಲ್ಲಿ ಒಳಗಿನ ತಾಮ್ರದ ಎಳೆ ತುಂಡಾಗಿತ್ತು. ಬೆರಳುದ್ದ ತಂತಿ ಕತ್ತರಿಸಿ ಹೊಸ ಪಿನ್ ಹಾಕಿದರೆ ಮುಗಿಯಿತು. ಹತ್ತು ನಿಮಿಷದ ಕೆಲಸ.

ಈಗ ಕೆಂಪಗೆ ಕಾಯ್ದ ಮ್ಯಾನಿಫೋಲ್ಡ್‌ಗೂ ಅರ್ಥ ಬಂತು. ಕಿಡಿ ತಡವಾದರೆ ಉರಿಯೂ ತಡ. ಪಿಸ್ಟನ್ ತಳ್ಳಬೇಕಾದ ಬಿಸಿ ಎಕ್ಸಾಸ್ಟ್ ವಾಲ್ವ್ ತೆರೆದ ಮೇಲೆ ಹೊರಗೆ ಹೋಗಿ ಮ್ಯಾನಿಫೋಲ್ಡ್ ಸುಡುತ್ತದೆ. ಆ ಕಸುವು ಚಕ್ರಕ್ಕೆ ಸಿಗಲಿಲ್ಲ, ಅದಕ್ಕೇ ಪಿಕಪ್ ಇರಲಿಲ್ಲ. ಐಡ್ಲಿಂಗ್‌ನಲ್ಲೂ ಹಾಗೇ. ಉರಿಯಿಂದ ಸಿಗುವ ತಳ್ಳು ಕಡಿಮೆಯಾಗಿ, 900ಕ್ಕೆ ನಿಲ್ಲಿಸಲು ಬಟರ್‌ಫ್ಲೈ ಜಾಸ್ತಿ ತೆರೆಯಬೇಕಾಯಿತು. ತೆರೆದಾಗ ಪ್ರೊಗ್ರೆಶನ್ ತೂತು ಬಯಲಾಯಿತು. ಅಲ್ಲಿಂದ ಪೆಟ್ರೋಲ್ ವಾಸನೆ, ಕಪ್ಪು ಪ್ಲಗ್, ಸತ್ತ ಸ್ಕ್ರೂ, 2400ರ ಮುಗ್ಗರಿಕೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗೆ, ಎಂಟು ತಿಂಗಳು ಬರೆ ಬಿದ್ದದ್ದು ವೆಬರ್‌ಗಳಿಗೆ.

ಎಕ್ಸಾಸ್ಟ್ ಹೊಗೆಯನ್ನು ನೋಡುವ ಲ್ಯಾಂಬ್ಡಾ ಸೆನ್ಸರ್ ಕೂಡ ನಮ್ಮನ್ನು ದಾರಿ ತಪ್ಪಿಸಿತ್ತು. ಐಡ್ಲಿಂಗ್‌ನಲ್ಲಿ ಅದು ಒಂದು ಪಾಲು ಪೆಟ್ರೋಲ್‌ಗೆ ಗಾಳಿ 15 ಪಾಲಿನ ಮೇಲೆ ತೋರಿಸುತ್ತಿತ್ತು, ಅಂದರೆ ಪೆಟ್ರೋಲ್ ಸಾಲದು ಅಂತ. ಪ್ಲಗ್ ನೋಡಿದರೆ ಮಸಿ. ಎರಡೂ ಹೇಗೆ ನಿಜ? ಆ ಸೆನ್ಸರ್ ಪೆಟ್ರೋಲನ್ನು ಅಳೆಯುವುದಿಲ್ಲ, ಉಳಿದ ಆಮ್ಲಜನಕವನ್ನು ಅಳೆಯುತ್ತದೆ. ಒಂದು ಸಿಲಿಂಡರ್ ಮಿಸ್ಸಿಂಗ್ ಹೊಡೆದರೆ ಉರಿಯದ ಗಾಳಿ ಹಾಗೇ ಹೊರಬಂದು ಅಂಕಿ ಏರಿಸುತ್ತದೆ. ಅದನ್ನು ನಂಬಿ ಗೆಳೆಯ ಇನ್ನಷ್ಟು ಪೆಟ್ರೋಲ್ ಕೊಡುತ್ತಾ ಹೋಗಿದ್ದ. ಪ್ಲಗ್ಗೂ ಸೆನ್ಸರೂ ಜಗಳವಾಡಿದರೆ ನಾನು ಮೊದಲು ಪ್ಲಗ್ ಮಾತು ಕೇಳುತ್ತೇನೆ.

ತಂತಿ ಸರಿಯಾದ ಮೇಲೆ ಎದುರಾದ ಅಪಾಯ

ಗಾಡಿ ಹೊರಗೆ ತೆಗೆಯಲು ಗೆಳೆಯ ಆಗಲೇ ಕೀಲಿ ಹಿಡಿದಿದ್ದ. ನಾನು ತಡೆದೆ. ಇಷ್ಟು ದಿನ ಅವನ ಅಡ್ವಾನ್ಸ್ ಕೋಷ್ಟಕ ಎಂಜಿನ್ನನ್ನು ಮುಟ್ಟಿಯೇ ಇರಲಿಲ್ಲ. ಈಗ ಮೊದಲ ಸಲ ಮುಟ್ಟುತ್ತದೆ. ಅದರಲ್ಲಿ ಏನಿದೆ ಅಂತ ನೋಡಬೇಡವೇ?

ನೋಡಿದ್ದು ಒಳ್ಳೆಯದಾಯಿತು. ಕೋಷ್ಟಕ ಫೋರ್ಡ್‌ನ ಹಳೇ ಪಿಂಟೊ ಎಂಜಿನ್‌ಗೆ ಬರೆದದ್ದು. ಪೂರ್ತಿ ಪೆಡಲ್‌ನಲ್ಲಿ 36 ಡಿಗ್ರಿ. ಸಿಲಿಂಡರ್‌ಗೆ ಎರಡೇ ವಾಲ್ವ್ ಇರುವ ಪಿಂಟೊದಲ್ಲಿ ಉರಿ ನಿಧಾನ, ಅದಕ್ಕೆ ಅಷ್ಟು ಬೇಕು. ಜೆಟೆಕ್‌ನಲ್ಲಿ ನಾಲ್ಕು ವಾಲ್ವ್ ನಡುವೆ, ಕೋಣೆಯ ನಟ್ಟನಡುವೆ ಪ್ಲಗ್ ಇದೆ. ಉರಿ ಎಲ್ಲ ಕಡೆಗೂ ಸಮನಾಗಿ, ಬೇಗ ಹಬ್ಬುತ್ತದೆ. ಕಂಪ್ರೆಶನ್ ಸುಮಾರು 10:1. ಇದಕ್ಕೆ ಪೂರ್ತಿ ಪೆಡಲ್‌ನಲ್ಲಿ 28ರ ಹತ್ತಿರ ಸಾಕು. 36 ಕೊಟ್ಟು ಏರಿನಲ್ಲಿ ಒತ್ತಿದ್ದರೆ ಎಂಜಿನ್ ನಾಕ್ ಹೊಡೆಯುತ್ತಿತ್ತು, ಪಿಸ್ಟನ್ ಹೋಗಬಹುದಿತ್ತು. ಮೂಲ ಕಂಪ್ಯೂಟರ್ ಇಲ್ಲದ ಮೇಲೆ ಆ ಸದ್ದು ಹಿಡಿಯಲು ಇರುವುದು ನಮ್ಮ ಕಿವಿ ಮಾತ್ರ. ತುಂಡಾದ ತಂತಿ ಎಂಟು ತಿಂಗಳು ಆ ಎಂಜಿನ್ನನ್ನು ಕಾಪಾಡಿತ್ತು ಅಂತಲೇ ಹೇಳಬೇಕು. ಇದನ್ನು ನೆನೆದರೆ ಈಗಲೂ ಮೈ ಜುಮ್ ಅನ್ನುತ್ತದೆ.

ಕೋಷ್ಟಕ ಹೊಸದಾಗಿ ಬರೆದೆವು. ಪೂರ್ತಿ ಪೆಡಲ್‌ಗೆ 26ರಿಂದ ಶುರು. ಹಗುರ ಪೆಡಲ್‌ನಲ್ಲಿ 36ರವರೆಗೆ, ಆಗ ಸಿಲಿಂಡರ್ ಒಳಗೆ ಮಿಕ್ಸ್ಚರ್ ಕಡಿಮೆ ಇರುತ್ತದೆ, ಉರಿ ನಿಧಾನ. ಐಡ್ಲಿಂಗ್‌ಗೆ 16. ಎಂಜಿನ್ ಮೇಲಿನ ಭಾರವನ್ನು ಪೆಡಲ್ ಬದಲು ಇನ್‌ಟೇಕ್ ಮ್ಯಾನಿಫೋಲ್ಡ್ ನಿರ್ವಾತದಿಂದ ಅಳೆಯಬಹುದಿತ್ತಲ್ಲ ಅಂತ ಕೇಳಬಹುದು. ಪ್ರತಿ ಸಿಲಿಂಡರ್‌ಗೂ ಬೇರೆ ಗಂಟಲು ಇರುವಾಗ ಆ ಸೆಳೆತ ಒಂದೇ ಸಮ ಇರುವುದಿಲ್ಲ, ಬಡಿದುಕೊಳ್ಳುತ್ತದೆ. ಪೆಡಲ್ ಸೆನ್ಸರ್ ಇಲ್ಲಿ ಹೆಚ್ಚು ನಂಬಿಕಸ್ತ.

ಸ್ಟಾರ್ಟ್ ಮಾಡಿದೆವು. ಯಾರೂ ಏನೂ ಮುಟ್ಟದೆ ಐಡ್ಲಿಂಗ್ 1600ಕ್ಕೆ ಏರಿತು! ಗೆಳೆಯ ಗಾಬರಿಯಾದ. ನನಗೆ ಖುಷಿಯಾಯಿತು. ಅಷ್ಟು ಗಾಳಿ ಈಗ ಬೇಕಿಲ್ಲ ಅಂತ ಎಂಜಿನ್ನೇ ಹೇಳುತ್ತಿತ್ತು. ಬಟರ್‌ಫ್ಲೈ ಮುಚ್ಚುತ್ತಾ 950ಕ್ಕೆ ತಂದೆವು. ಇಣುಕು ತೂತಿನಲ್ಲಿ ನೋಡಿದರೆ ನಾಲ್ಕರಲ್ಲೂ ಅಂಚು ಮೊದಲ ತೂತಿನ ಹಿಂದೆ. ಮಿಕ್ಸ್ಚರ್ ಸ್ಕ್ರೂ ಕಾಲು ಸುತ್ತು ತಿರುಗಿಸಿದರೂ ಎಂಜಿನ್ ಸ್ವರ ಬದಲಿಸತೊಡಗಿತು. ಗಾಳಿ ಅಳೆಯುವ ಮೀಟರ್ ಇಟ್ಟು ಎರಡು ಕಾರ್ಬ್ಯುರೇಟರ್ ಸಮ ಮಾಡಿದೆವು. ಸ್ಕ್ರೂಗಳು ಒಂದೂವರೆ ಸುತ್ತಿನ ಆಸುಪಾಸಿನಲ್ಲಿ ನಿಂತವು. ಎರಡೂವರೆ ದಾಟಿ ಹೋಗಿದ್ದರೆ ಐಡಲ್ ಜೆಟ್ ಚಿಕ್ಕದಾಯಿತು ಅಂತ ಅರ್ಥವಾಗುತ್ತಿತ್ತು.

ಮೇನ್ ಜೆಟ್ ಲೆಕ್ಕ ಮತ್ತೆ ಮಾಡಬೇಕಾಯಿತು. ಕಿಡಿ ಸರಿಯಿಲ್ಲದಾಗ ತೆಗೆದ ಯಾವ ಅಂಕಿಯನ್ನೂ ನಾನು ಇಟ್ಟುಕೊಳ್ಳಲಿಲ್ಲ, ಹಾಳೆ ಹರಿದು ಹೊಸದಾಗಿ ಬರೆದೆವು. 135ರ ಮೇನ್ ಸರಿ ಕೂತಿತು. ಮೇಲಿನ ಆರ್‌ಪಿಎಂನಲ್ಲಿ ಸ್ವಲ್ಪ ಪೆಟ್ರೋಲ್ ಕಡಿಮೆಯಾಗುತ್ತಿತ್ತು, ಏರ್ ಜೆಟ್ 185ರಿಂದ 175 ಮಾಡಿದೆವು. ಪೂರ್ತಿ ಪೆಡಲ್‌ನಲ್ಲಿ ಲ್ಯಾಂಬ್ಡಾ ಸೆನ್ಸರ್ ತೋರಿಸಿದ್ದು 12.6ರಿಂದ 12.9, ಹಗುರ ಓಟದಲ್ಲಿ 14ರ ಹತ್ತಿರ. ಎಥನಾಲ್ ಬೆರೆತ ಪೆಟ್ರೋಲ್ ಹಾಕುವವರಿಗೆ ಒಂದು ಮಾತು: 10 ಶೇಕಡಾ ಎಥನಾಲ್ ಇದ್ದರೆ ಸಮತೋಲದ ಅಳತೆ 14.7 ಅಲ್ಲ, 14.1ರ ಆಸುಪಾಸು. ಇಂಜೆಕ್ಷನ್ ಅದನ್ನು ತಾನೇ ಸರಿಮಾಡಿಕೊಳ್ಳುತ್ತದೆ. ಜೆಟ್‌ಗೆ ಆ ಬುದ್ಧಿ ಇಲ್ಲ, ಅದರ ತೂತು ಅಷ್ಟೇ ಇರುತ್ತದೆ.

ಈಗ ಹೇಗಿದೆ

ಮ್ಯಾನಿಫೋಲ್ಡ್ ಕತ್ತಲಲ್ಲಿ ಕಪ್ಪಗೇ ಇರುತ್ತದೆ. ಪ್ಲಗ್ ಬಿಸ್ಕತ್ತಿನ ಬಣ್ಣ. ಚಳಿಯಲ್ಲಿ ಸ್ಟಾರ್ಟ್ ಮಾಡುವ ಮುಂಚೆ ಎರಡು ಸಲ ಪೆಡಲ್ ಒತ್ತಬೇಕು, ಮೊದಲ ಎರಡು ಮೂರು ನಿಮಿಷ ಎಂಜಿನ್ ಸ್ವಲ್ಪ ಗೊಣಗುತ್ತದೆ. ಇಂಜೆಕ್ಷನ್ ಹಾಗೆ ಮಾಡುತ್ತಿರಲಿಲ್ಲ, ಪೆಟ್ರೋಲೂ ಕಡಿಮೆ ಕುಡಿಯುತ್ತಿತ್ತು. ಗೆಳೆಯ ಅದನ್ನು ತಿಳಿದೇ ಒಪ್ಪಿಕೊಂಡಿದ್ದಾನೆ. ಎರಡನೇ ಕಾರ್ಬ್ಯುರೇಟರ್‌ನ ಸ್ಪಿಂಡಲ್ ಬೇರಿಂಗ್ ತುಸು ಸವೆದಿದೆ, ಬಿಸಿಯಾದ ಮೇಲೆ ಐಡ್ಲಿಂಗ್ 50 ಆರ್‌ಪಿಎಂ ಅತ್ತಿತ್ತ ಆಗುತ್ತದೆ. ಅದೊಂದು ಕೆಲಸ ಬಾಕಿ.

ಕೊನೆಯ ಪರೀಕ್ಷೆಗೆ ಸಂಜೆ ಹೊರಟೆವು. ನಾಲ್ಕನೇ ಗೇರ್, 1800 ಆರ್‌ಪಿಎಂ, ಸಣ್ಣ ಏರು. ಒಂದೊಂದೇ ಕೂದಲೆಳೆಯಷ್ಟು ಪೆಡಲ್ ಒತ್ತು ಅಂದೆ. ಮುಗ್ಗರಿಕೆ ಇದ್ದರೆ ಹೀಗೆ ಒತ್ತಿದಾಗಲೇ ಹೊರಬರಬೇಕು. ಮುಳ್ಳು 2000 ದಾಟಿತು, 2400 ದಾಟಿತು, 2800. ವೆಬರ್‌ಗಳ ಉಸಿರು ಎಲ್ಲೂ ಕಡಿಯದೆ ಗಟ್ಟಿಯಾಗುತ್ತಾ ಹೋಯಿತು. ಗೆಳೆಯ ಮಾತಾಡಲಿಲ್ಲ. ಗಾಡಿ ತಿರುಗಿಸಿಕೊಂಡು ಕೆಳಗೆ ಬಂದು, ಅದೇ ಏರನ್ನು ಇನ್ನೊಂದು ಸಲ ಹತ್ತಿದ.